ಹುಣಸೆಮರದ ಕೆಳಗಿನ ಚಪ್ಪಡಿ

ನಮ್ಮೂರ ಮುಖಂಡ ಕ್ಯಾಪ್ಟನ್ ಇಸ್ಲಾವ್ ಸತ್ತ ಸುದ್ದಿಯನ್ನು ಅವನ ಮಗ ರುಫೊನೇ ಬಂದು ಹೇಳಿದ. ನಾನು ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಜಡೆ ಹೆಣೆಯುತ್ತಿದ್ದೆ. ಆ ಮನೆಯ ಗಂಡಸೊಬ್ಬ ನನ್ನ ಅಂಗಳಕ್ಕೆ ಕಾಲಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಒಳಗೆ ಬರಲೋ ಬೇಡವೋ ಎಂದು ಬೇಲಿಯ ಹತ್ತಿರವೇ ನಿಂತಿದ್ದ.

"ಸಿದ್ರಜ್ಜೀ, ಅಪ್ಪ ಹೋದ್ರು. ಬೆಳಗ್ಗೆ."

"ಗೊತ್ತಾಯ್ತು. ನಿಮ್ಮನೆ ಮುಂದೆ ಸಾವಿನ ಕೊರಡಿಗೆ ಬೆಂಕಿ ಹಾಕಿದ್ದೀರಲ್ಲ, ಹೊಗೆ ಇಲ್ಲಿಗೇ ಕಾಣುತ್ತೆ."

"ಶುಕ್ರವಾರ ಮಣ್ಣು. ನೀವು ಬಂದು ಹಾಡ್ಕೊಂಡು ಅಳಬೇಕು."

"ಪಕ್ಕದೂರಲ್ಲಿ ಲಿಯೊನ್ಸಿಯಾ ಇದಾಳಲ್ಲ, ಅವಳನ್ನ ಕರಿ. ನನಗಿಂತ ಕಣ್ಣೀರು ಜಾಸ್ತಿ ಅವಳಿಗೆ."

"ಅಪ್ಪ ನಿಮ್ಮನ್ನೇ ಅಂದ್ರು ಅಜ್ಜಿ. ಕೊನೇ ಎರಡು ದಿನ ಅದೊಂದೇ ಮಾತು. ಸಿದ್ರಾನೇ ಬರಬೇಕು, ಬೇರೆ ಯಾರೂ ಬೇಡ ಅಂತ."

"ಬದುಕಿದ್ದಾಗ ನನ್ನ ಕಂಡ್ರೆ ದಾರಿ ಬದಲಾಯಿಸ್ತಿದ್ದ ಮನುಷ್ಯ! ಈಗ ನಾನೇ ಬೇಕಾ?"

ರುಫೊ ಟೋಪಿಯ ಅಂಚು ತಿರುವುತ್ತ ನಿಂತ. ಪಾಪ, ಹತ್ತೊಂಬತ್ತು ವರ್ಷದ ಹಿಂದೆ ಅವನಿಗೆ ಹನ್ನೆರಡೋ ಹದಿಮೂರೋ. ಅವನ ಮೇಲೆ ಹರಿಹಾಯ್ದು ಏನು ಬಂತು? "ಬರ್ತೀನಿ ಹೋಗು," ಅಂದೆ.

ಇಲೊಕೊಸ್ ಸೀಮೆಯ ಈ ಭಾಗದಲ್ಲಿ ನಾನು ಹಾಡಿ ಅಳದ ಸಾವಿಲ್ಲ. ದುಂಗಾವ್ ಅನ್ನುತ್ತೇವೆ ನಾವು. ತಲೆಯ ಮೇಲೆ ಕರಿ ಮುಸುಕೆಳೆದುಕೊಂಡು ಶವದ ಪಕ್ಕ ಕೂತು, ಸತ್ತವರ ಬಾಳನ್ನೆಲ್ಲ ಅವರಿಗೇ ಹೇಳುವುದು. ಪಾದ್ರಿಗೆ ಇದು ಸೇರುವುದಿಲ್ಲ. ಸೇರದಿದ್ದರೆ ಬಿಡಲಿ, ಅವನ ಲ್ಯಾಟಿನ್ ಸತ್ತವರಿಗೆ ಅರ್ಥವಾಗುತ್ತದೆಯೇ? ಮುಸುಕಿನೊಳಗೆ ಆಡಿದ ಮಾತು ಸತ್ತವರಿಗೆ ಸೇರಿದ್ದು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಆಮೇಲೆ ಯಾರೂ ಅದನ್ನು ಹಿಡಿದು ಜಗಳಕ್ಕೆ ಬರುವಂತಿಲ್ಲ. ಉತ್ತರ ಕೊಡಬೇಕು ಅನ್ನಿಸಿದವರು ತಾವೂ ಮುಸುಕೆಳೆದು ಅದೇ ರಾಗ ಹಿಡಿಯಬೇಕು. ನನ್ನ ಅಜ್ಜಿಯ ಕಾಲದಿಂದ ನಡೆದು ಬಂದದ್ದು ಹೀಗೆ.

ಊರಿನವರಿಗೆಲ್ಲ ಅತ್ತೆ. ನನ್ನ ಮಗನಿಗೆ ಮಾತ್ರ ಅಳಲಾಗಲಿಲ್ಲ.

ಫೆರ್ಮಿನ್ ಅಂತ ಅವನ ಹೆಸರು. ಒಬ್ಬನೇ ಮಗ. ಒಂಬತ್ತು ವರ್ಷದವನಿದ್ದಾಗ ಮಾವಿನ ಮರದಿಂದ ಬಿದ್ದು ಎಡಗೈ ಮುರಿದುಕೊಂಡ. ಮೂಳೆ ಕೂಡಿಸುವವಳು ಕೂಡಿಸಿದಳು, ಕೊಂಚ ಸೊಟ್ಟಗೇ ಉಳಿಯಿತು. ಆದರೆ ಹುಡುಗ ಊಟ ಬಿಟ್ಟ, ಮಾತು ಬಿಟ್ಟ, ಗೋಡೆ ನೋಡುತ್ತ ಮಲಗಿಬಿಟ್ಟ. ನಮ್ಮೊಳಗೆ ಇರುವ ಆತ್ಮ ಬಹಳ ಅಂಜುಬುರುಕ. ಬೆದರಿದರೆ ಬೆದರಿದಲ್ಲೇ ಕೂತುಬಿಡುತ್ತದೆ. ದಣಿದು ಕೂತ ಕಡೆಯಿಂದ ನಾವು ಎದ್ದು ಬಂದರೆ, ಬಂದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಅದು ಹಿಂದೆ ಉಳಿದವನು ದಿನೇ ದಿನೇ ಸೊರಗುತ್ತಾನೆ. ಹೆಸರು ಹಿಡಿದು ಕರೆದರಷ್ಟೇ ಬರುತ್ತದೆ, ಸುಮ್ಮನೆ ಬಾ ಅಂದರೆ ಬರುವುದಿಲ್ಲ. ನಾನು ಮಾವಿನ ಮರದ ಕೆಳಗೆ ಹೋಗಿ, ಸಂಜೆಯವರೆಗೆ ಕರೆದೆ. "ಫೆರ್ಮಿನ್, ಬಾ, ಹೋಗೋಣ. ಇಲ್ಲೇ ಉಳೀಬೇಡ, ಫೆರ್ಮಿನ್." ಮನೆಗೆ ಬಂದರೆ ಹುಡುಗ ಎದ್ದು ಕೂತು ಗಂಜಿ ಕೇಳುತ್ತಿದ್ದ.

ಇಪ್ಪತ್ತೆರಡನೆಯ ವಯಸ್ಸಿಗೆ ಚುನಾವಣೆಯ ದಿನ ಶಾಲೆಯಲ್ಲಿ ಮತಪೆಟ್ಟಿಗೆ ಕಾಯಲು ಕೂತ. ಕ್ಯಾಪ್ಟನ್ ಇಸ್ಲಾವ್‌ನ ಜೀಪಿನಲ್ಲಿ ಬೇರೆ ಪೆಟ್ಟಿಗೆ ಬಂದದ್ದನ್ನೂ, ಇದ್ದ ಪೆಟ್ಟಿಗೆ ಹೊರಟು ಹೋದದ್ದನ್ನೂ ನೋಡಿದ. ನೋಡಿದ್ದನ್ನು ಬಾಯಿಬಿಟ್ಟು ಹೇಳಿದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಬಾಯಿ ಸುಮ್ಮನಿರುತ್ತದೆಯೇ? ಮೂರನೆಯ ದಿನ ಕ್ಯಾಪ್ಟನ್ ಹೇಳಿ ಕಳಿಸಿದ: ಮಾತಾಡಿ ಮುಗಿಸೋಣ, ಊಟಕ್ಕೆ ಬಾ ಎಂದು. ಒಗೆದ ಅಂಗಿ ಹಾಕಿಕೊಂಡು ಹೋದ. ಅಷ್ಟೇ.

"ಊಟ ಮಾಡಿ ಹೊರಟನಲ್ಲ," ಅಂದ ಕ್ಯಾಪ್ಟನ್. "ದಕ್ಷಿಣದ ಮಿಂಡನಾವೊ ದ್ವೀಪಕ್ಕೆ ಹೋಗ್ತೀನಿ, ಅಲ್ಲಿ ಸರ್ಕಾರ ಜಮೀನು ಕೊಡುತ್ತೆ ಅಂತಿದ್ದ." ಊರು ಅದನ್ನೇ ಹಿಡಿಯಿತು. ಯಾರೋ ಅವನನ್ನು ಹಡಗಿನ ಕಟ್ಟೆಯಲ್ಲಿ ಕಂಡರಂತೆ. ಇನ್ಯಾರೋ ಅವನಿಗೆ ಅಲ್ಲಿ ಮದುವೆಯಾಗಿದೆ ಅಂದರಂತೆ. ಒಂದು ಕಾಗದ ಬರಲಿಲ್ಲ.

ಅವನು ಸತ್ತಿದ್ದಾನೆಂದು ನನ್ನ ಹೊಟ್ಟೆಗೆ ಗೊತ್ತಿತ್ತು. ಆದರೂ ಹಾಡಿ ಅಳುವಂತಿಲ್ಲ. ಬದುಕಿರುವವರಿಗೆ ದುಂಗಾವ್ ಹಾಡಿದರೆ ಅವರು ಇದ್ದಲ್ಲೇ ಸಾಯುತ್ತಾರೆ. ಅಕಸ್ಮಾತ್ ಹೊಟ್ಟೆಗೆ ತಪ್ಪು ಗೊತ್ತಿದ್ದರೆ? ಎಲ್ಲೋ ಮಿಂಡನಾವೊದಲ್ಲಿ ಅವನು ಭತ್ತ ನಾಟಿ ಮಾಡುತ್ತಿದ್ದರೆ? ತಾಯಿಯಾದವಳು ಅಂಥ ಕೈಬಿಡುವ ಕೆಲಸ ಮಾಡಲಾರಳು. ಸತ್ತಿದ್ದರೋ, ಯಾರೂ ಅಳದವನು ಹೊಳೆ ದಾಟಲಾರ, ಈಚೆ ದಡದಲ್ಲೇ ಅಲೆಯುತ್ತಿರುತ್ತಾನೆ. ಹತ್ತೊಂಬತ್ತು ವರ್ಷ ನಾನು ಈ ಎರಡರ ನಡುವೆ ಬೆಂದಿದ್ದೇನೆ. ಮನೆಯ ಮುಂದೆ ಕೊರಡು ಹಚ್ಚಲಿಲ್ಲ, ಕರಿ ಬಟ್ಟೆ ಉಡಲಿಲ್ಲ, ಅವನ ತಟ್ಟೆಯನ್ನು ಎತ್ತಿಡಲೂ ಇಲ್ಲ.

ಶುಕ್ರವಾರ ಬೆಳಿಗ್ಗೆ ತೊಮಾಸಾ ಜೊತೆಗೆ ಬಂದಳು. ಪಕ್ಕದ ಮನೆಯವಳು, ನನ್ನದೇ ವಯಸ್ಸು, ಹಲ್ಲು ನನಗಿಂತ ಕಡಿಮೆ, ನಾಲಗೆ ನನಗಿಂತ ಉದ್ದ.

"ಏನೇ, ನಿಜವಾಗ್ಲೂ ಅವನನ್ನ ಹೊಗಳ್ತೀಯಾ?"

"ಹೊಗಳಬೇಕಾದ್ದು ಹೊಗಳ್ತೀನಿ. ಆಮೇಲೆ ಕೇಳಬೇಕಾದ್ದು ಕೇಳ್ತೀನಿ."

"ಅಯ್ಯೋ ದೇವರೇ. ಹೆಣ ಎದ್ದು ಕೂತು ಉತ್ತರ ಕೊಡುತ್ತಾ?"

"ಕೊಡದಿದ್ರೆ ಬೇಡ. ಊರೆಲ್ಲ ಕೇಳಿಸ್ಕೊಳ್ಳಲಿ, ಅಷ್ಟು ಸಾಕು."

ಕ್ಯಾಪ್ಟನ್‌ನ ಹೊಗೆಸೊಪ್ಪು ಒಣಗಿಸುವ ಹಳೆಯ ಮನೆಯ ಹತ್ತಿರ ದಾರಿ ಏರುತ್ತದೆ. ಅಲ್ಲೊಂದು ಹುಣಸೆಮರ, ಮರದ ಬುಡಕ್ಕೆ ಅಗಲವಾದ ಕಲ್ಲು ಚಪ್ಪಡಿ. ಸಂತೆಗೆ ಹೋಗುವ ಹೆಂಗಸರೆಲ್ಲ ಬುಟ್ಟಿ ಇಳಿಸಿ ಅದರ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡೇ ಮುಂದೆ ಹೋಗುವುದು. ನಾನೂ ತೊಮಾಸಾ ಕೂತೆವು. ಅವಳು ಪಾದ್ರಿಯ ಅಡುಗೆಯವಳ ವಿಷಯ ತೆಗೆದಳು, ಮಣ್ಣಿಗೆ ಹೋಗುತ್ತಿದ್ದೇವೆ ಅನ್ನುವುದನ್ನು ಮರೆತು ನಾನು ನಕ್ಕೆ. ಏಳುವಾಗ ಎಂದಿನ ಹಾಗೆ ನನ್ನ ಆತ್ಮವನ್ನು ಕರೆದುಕೊಂಡೆ. "ಸಿದ್ರಾ, ಬಾ, ಹೋಗೋಣ. ಇಲ್ಲೇ ಉಳೀಬೇಡ." ತೊಮಾಸಾ ತನ್ನ ಹೆಸರು ಕರೆದುಕೊಂಡಳು. ನಡೆದೆವು.

ದೊಡ್ಡ ಮನೆ ಜನರಿಂದ ತುಂಬಿತ್ತು. ಮೂರು ದಿನದಿಂದ ಗುಡಿಸದ ನೆಲದ ಮೇಲೆ ಸಿಗರೇಟಿನ ತುಂಡು, ಕಲ್ಲಂಗಡಿ ಬೀಜದ ಸಿಪ್ಪೆ. ಶವವಿರುವಾಗ ಪೊರಕೆ ಮುಟ್ಟಿದರೆ ಮನೆಯ ಇನ್ನೊಬ್ಬರನ್ನು ಗುಡಿಸಿ ಹಾಕಿದ ಹಾಗೆ. ಶವಪೆಟ್ಟಿಗೆಯ ಮುಂದೆ ಅಂಟಕ್ಕಿಯ ಕಡುಬು, ಬೇಯಿಸಿದ ಮೊಟ್ಟೆ, ಎಲೆಯಡಿಕೆ, ಒಂದು ಲೋಟ ಕಬ್ಬಿನ ಹೆಂಡ ಇಟ್ಟಿದ್ದರು. ಗಾಜಿನೊಳಗೆ ಇಸ್ಲಾವ್ ಬಿಳಿ ಕೋಟು ಹಾಕಿಕೊಂಡು, ಸಾವು ಮುಂದುವರಿಯದಿರಲೆಂದು ಕಡಿದ ಜಪಮಾಲೆ ಹಿಡಿದು ಮಲಗಿದ್ದ. ಎಷ್ಟು ಸಣ್ಣ ಮನುಷ್ಯ! ಇವನಿಗೆ ನಾವು ಅಷ್ಟು ವರ್ಷ ಹೆದರಿದೆವೇ ಅನ್ನಿಸಿ ಮೈಯುರಿಯಿತು.

ಅವನ ಹೆಂಡತಿ ಕಾರ್ಪಿಯಾ ಗೋಡೆಯ ಪಕ್ಕ ಕೂತಿದ್ದಳು. ನನ್ನ ಮಗ ಹೋದ ದಿನದಿಂದ ಆಕೆ ನನ್ನ ಮುಖ ನೇರ ನೋಡಿದ್ದಿಲ್ಲ. ಚರ್ಚಿನಲ್ಲಿ ನಾನು ಎಡಕ್ಕೆ ಕೂತರೆ ಆಕೆ ಬಲಕ್ಕೆ. ಅವತ್ತು ತಾನೇ ಎದ್ದು ಬಂದು, ಒಂದು ಗುಟುಕು ಹೆಂಡ ನನ್ನ ಕೈಗೆ ಕೊಟ್ಟಳು.

ರುಫೊ ಕಿವಿಯ ಹತ್ತಿರ ಬಗ್ಗಿದ. "ಅಜ್ಜಿ, ಮೇಯರ್ ಬಂದಿದಾರೆ. ಒಳ್ಳೇದನ್ನಷ್ಟೇ ಹೇಳಿ."

"ಹೇಗೆ ಅಳಬೇಕು ಅಂತ ನೀನು ನನಗೆ ಹೇಳಿಕೊಡ್ತೀಯೇನೋ?" ಅಂದೆ. ಮುಸುಕೆಳೆದುಕೊಂಡು ಕೂತೆ.

"ಅಯ್ಯೋ ಇಸ್ಲಾವಾ, ಏಳಪ್ಪಾ, ಬಿಸಿಲೇರಿತು. ಹೊಲದಲ್ಲಿ ಹೊಗೆಸೊಪ್ಪು ನಿನ್ನ ಹೆಜ್ಜೆ ಕೇಳುತಾ ನಿಂತೈತೆ. ಸೇತುವೆ ಕಟ್ಟಿಸಿದವನೇ, ಶಾಲೆಗೆ ತಗಡು ಹೊದಿಸಿದವನೇ, ಬಿರುಗಾಳಿ ಬಂದ ವರ್ಷ ಕಣಜ ತೆಗೆದು ಅಕ್ಕಿ ಅಳೆದವನೇ. ಸಂತೆಗೆ ಹೋಗೋ ಹೆಂಗಸರು ಬಳಲಿದರೆಂದು ಹುಣಸೆಯ ಬುಡಕೆ ಚಪ್ಪಡಿ ಹಾಸಿದವನೇ. ಆ ಕಲ್ಲಿನ ಮೇಲೆ ಕೂತು ನನ್ನ ಕಾಲು ನಿನ್ನ ಹರಸ್ಯಾವೆ, ಇಸ್ಲಾವಾ."

ಮುಸುಕಿನಾಚೆ ಹೆಂಗಸರು ಮೂಗು ಸೀಟುವುದು ಕೇಳಿಸಿತು. ಎಲ್ಲರಿಗೂ ಸಮಾಧಾನವಾಗಿತ್ತು. ನಾನು ಉಸಿರು ತೆಗೆದುಕೊಂಡು ಅದೇ ರಾಗದಲ್ಲಿ ಮುಂದುವರಿದೆ.

"ಒಂದು ಮಾತು ಕೇಳುತೀನಿ, ಹೋಗೋ ಮುಂಚೆ ಹೇಳಿ ಹೋಗು. ಅನ್ನ ಉಣ್ಣು ಬಾ ಎಂದು ನನ್ನ ಮಗನ ಕರೆದೆ. ಒಗೆದ ಅಂಗಿ ತೊಟ್ಟು ಬಂದ, ನಿನ್ನ ಮೆಟ್ಟಿಲು ಹತ್ತಿದ. ಇಳಿದದ್ದು ಯಾವ ಮೆಟ್ಟಿಲು, ಇಸ್ಲಾವಾ? ಉಂಡನೋ, ಹಸಿದೇ ಹೋದನೋ? ಎಲ್ಲಿ ಮಲಗಿಸಿದೆ ನನ್ನ ಫೆರ್ಮಿನ್‌ನ? ನಿನಗೆ ನಾನು ಅಳುತೀನಿ. ಅವನಿಗೆ ಅಳೋರು ಯಾರು?"

ರುಫೊನ ಬೂಟಿನ ಸದ್ದು ನನ್ನತ್ತ ಬಂತು. "ಸಾಕು ನಿಲ್ಸಿ! ಯಾರಾದ್ರೂ ಎಬ್ಬಿಸ್ರೋ ಇವಳನ್ನ!"

"ಮುಟ್ಟಬೇಡ," ಅಂದಿತು ಒಂದು ಮುದಿ ಗಂಡಸಿನ ದನಿ. "ಮುಸುಕಿನೊಳಗಿದಾಳೆ. ಮುಟ್ಟಿದ್ರೆ ನಿನ್ನಪ್ಪನ ಹೆಣ ನಾನು ಹೊರಲ್ಲ."

ಬೂಟು ನಿಂತವು. ನಾನು ಕೇಳಬೇಕಾದ್ದು ಮುಗಿದಿತ್ತು. ಉತ್ತರ ಬರುತ್ತದೆಂದು ನಾನೂ ಅಂದುಕೊಂಡಿರಲಿಲ್ಲ. ಮುಸುಕು ತೆಗೆಯಲು ಕೈ ಎತ್ತಿದೆ. ಆಗ ಪೆಟ್ಟಿಗೆಯ ಆ ಕಡೆಯಿಂದ ರಾಗ ಎದ್ದಿತು. ಒಡಕು ದನಿ, ಹಾಡಿ ಅಭ್ಯಾಸವಿಲ್ಲದ್ದು. ಕಾರ್ಪಿಯಾ.

"ಅವ ಉಂಡ, ಸಿದ್ರಕ್ಕಾ. ನಾನೇ ಬಡಿಸಿದೆ. ಮೀನಿನ ತಲೆ ಬೇಕೆಂದ, ಹಾಕಿದೆ. ಕೈ ತೊಳೆಯಲು ಹಿತ್ತಲಿಗೆ ಹೋದ, ಹಿಂದೆ ಇಬ್ಬರು ಹೋದರು. ಕೊಡಲಿಯ ಬೆನ್ನಿನ ಸದ್ದು ಒಂದೇ ಒಂದು, ಸಿದ್ರಕ್ಕಾ, ಅವನು ಕೂಗಲಿಲ್ಲ. ಆ ಇಬ್ಬರೂ ಮಣ್ಣಾದರು, ಈಗ ಇವನೂ ಹೊರಟ. ಸಾಯೋವಾಗ ಇವನಿಗೆ ನಿದ್ದೆ ಬರಲಿಲ್ಲ, ಹೇಳಲು ಬಾಯೂ ಬರಲಿಲ್ಲ. ಸಿದ್ರಾ ಬಂದು ಕೇಳಲಿ, ಆಗ ನೀನೇ ಹೇಳು ಎಂದು ನನ್ನ ಮೇಲೆ ಹಾಕಿ ಹೋದ. ನೀ ಹೊಗಳಿದ ಕಲ್ಲು, ಸಿದ್ರಕ್ಕಾ. ನೀ ಹರಸಿದ ಕಲ್ಲು. ಮಣ್ಣು ಕುಸಿದು ಊರಿಗೆ ಕಾಣಬಾರದೆಂದು ಹಾಸಿದ ಕಲ್ಲದು. ಅದನ್ನ ಎತ್ತಿಸು."

ತೊಮಾಸಾ ಚೀರಿದಳು. ನಾನು ಚೀರಲಿಲ್ಲ. ಒಂದು ಗಂಟೆಯ ಹಿಂದೆ ಆ ಕಲ್ಲಿನ ಮೇಲೆ ಕೂತು ನಕ್ಕಿದ್ದೆ. ಅದೊಂದೇ ತಲೆಯಲ್ಲಿ ಸುತ್ತಿತು. ಹತ್ತೊಂಬತ್ತು ವರ್ಷ, ವಾರಕ್ಕೆರಡು ಸಂತೆ, ಹೋಗುವಾಗೊಮ್ಮೆ ಬರುವಾಗೊಮ್ಮೆ. ಎಲೆಯಡಿಕೆ ಉಗಿದಿದ್ದೆ ಅಲ್ಲಿ.

ಮುಸುಕು ತೆಗೆದು ಕಾರ್ಪಿಯಾಳನ್ನು ನೋಡಿದೆ. ಅವಳ ಕೂದಲು ಹಿಡಿದು ಜಗ್ಗಿ, ಇಷ್ಟು ವರ್ಷ ನಿನ್ನ ಗಂಟಲಲ್ಲಿ ಅನ್ನ ಹೇಗೆ ಇಳೀತೇ ಎಂದು ಕೇಳಬೇಕೆನಿಸಿತು. ಕೇಳುವಂತಿಲ್ಲ. ಅವಳು ಹೇಳಿದ್ದು ಮುಸುಕಿನೊಳಗೆ. ಬದುಕಿರುವವರೆಗೆ ಅವಳ ಜೊತೆ ಆ ಬಗ್ಗೆ ಒಂದು ಮಾತು ಆಡಲು ನನಗೆ ಹಕ್ಕಿಲ್ಲ. ನನಗೆ ಬಾಯಿ ಕೊಟ್ಟ ಕಟ್ಟಳೆಯೇ ನನ್ನ ಬಾಯಿ ಕಟ್ಟಿತು. ಆಕೆ ಈ ಸಲ ನನ್ನ ಮುಖವನ್ನು ನೇರ ನೋಡಿದಳು. ನಾನೇ ಕಣ್ಣು ತೆಗೆದೆ.

ಮೆಟ್ಟಿಲ ಮೇಲೆ ಹುಂಜದ ತಲೆ ಕಡಿದರು. ರಕ್ತ ದಾಟಿಸಿ, ಬಾಗಿಲ ಚೌಕಟ್ಟಿಗೆ ತಾಗದಂತೆ ಪೆಟ್ಟಿಗೆ ಹೊರಗೆ ತಂದರು, ಹಿಂದೆಯೇ ಕಿಟಕಿಗಳನ್ನೆಲ್ಲ ಮುಚ್ಚಿದರು. ಮೆರವಣಿಗೆ ಹುಣಸೆಮರದ ದಾರಿಯಲ್ಲೇ ಹೋಗಬೇಕು. ನಡುದಾರಿಯಲ್ಲಿ ಪೆಟ್ಟಿಗೆ ಇಳಿಸುವಂತಿಲ್ಲ, ಇಳಿಸಿದರೆ ಇನ್ನೊಂದು ಸಾವು. ಹಾಗಾಗಿ ಹೊತ್ತವರು ತಲೆ ತಗ್ಗಿಸಿ ಬಿರಬಿರನೆ ಆ ಕಲ್ಲನ್ನು ದಾಟಿದರು. ನಾನು ಅಲ್ಲೇ ನಿಂತೆ. ತೊಮಾಸಾ ನಿಂತಳು. ಹಿಂದೆ ಬರುತ್ತಿದ್ದವರು ಒಬ್ಬೊಬ್ಬರೇ ನಿಂತರು. ಚರ್ಚು ಮುಟ್ಟುವಾಗ ಇಸ್ಲಾವ್‌ನ ಹಿಂದೆ ಎಷ್ಟು ಜನ ಉಳಿದಿದ್ದರೋ ನಾನು ಕೇಳಲಿಲ್ಲ.

ಗಂಡಸರು ಹಾರೆ ತಂದರು. ಆರು ಜನ ಹಾಕಿದರೂ ಕಲ್ಲು ಮಿಸುಕಲಿಲ್ಲ. ಮಧ್ಯಾಹ್ನದ ಬಿಸಿಲು. ಅಷ್ಟರಲ್ಲಿ ಅಪ್ಪನನ್ನು ಮಣ್ಣು ಮಾಡಿ ರುಫೊ ಬಂದ. ಬಿಳಿ ಅಂಗಿಯ ತೋಳಿಗೆ ಕರಿ ಪಟ್ಟಿ, ಬೆರಳಲ್ಲಿ ಇನ್ನೂ ಸ್ಮಶಾನದ ಮಣ್ಣು. ಜನ ದಾರಿ ಬಿಟ್ಟರು.

"ನಂಗೆ ಗೊತ್ತಿರ್ಲಿಲ್ಲ ಅಜ್ಜಿ. ಅಮ್ಮನ ಆಣೆ."

"ಗೊತ್ತಿದ್ರೆ ಏನ್ ಮಾಡ್ತಿದ್ದೆ?"

ಅವನು ಪಕ್ಕದಲ್ಲಿದ್ದ ಇನ್ನೊಂದು ಹಾರೆ ಎತ್ತಿಕೊಂಡು ಕಲ್ಲಿನ ಅಡಿಗೆ ತೂರಿಸಿದ. ಏಳನೆಯವನು ಸೇರಿದ ಮೇಲೆ ಕಲ್ಲು ಎದ್ದಿತು.

ಎರಡು ಮೊಳ ಅಗೆಯುವಷ್ಟರಲ್ಲಿ ಸಿಕ್ಕಿದ. ಅಂಗಿ ಮಣ್ಣಾಗಿತ್ತು, ಗುಂಡಿಗಳು ಉಳಿದಿದ್ದವು. ನಾನೇ ಹೊಲಿದ ಗುಂಡಿಗಳು, ನಾಲ್ಕು ಒಂದೇ ಥರ, ಒಂದು ಬೇರೆ. ತಲೆಬುರುಡೆಯ ಹಿಂದಿನ ತೂತನ್ನು ತೊಮಾಸಾ ತನ್ನ ಕೈಯಿಂದ ಮುಚ್ಚಿಹಿಡಿದಳು, ನಾನು ನೋಡಬಾರದೆಂದು. ನಾನು ನೋಡಿದ್ದು ಎಡಗೈ. ಮೂಳೆ ಸೊಟ್ಟವಾಗಿಯೇ ಇತ್ತು. ಅದನ್ನು ಹಿಡಿದುಕೊಂಡೆ.

ಎಲ್ಲರೂ ಕಾದರು. ಯಾರೋ ಮುಸುಕು ತಂದು ನನ್ನ ತಲೆಗೆ ಹಾಕಿದರು. ಹತ್ತೊಂಬತ್ತು ವರ್ಷ ನಾನು ಇದನ್ನು ಒಳಗೇ ಕಟ್ಟಿಟ್ಟಿದ್ದೆ. ಭತ್ತ ಕುಟ್ಟುವಾಗ, ಬಟ್ಟೆ ಒಗೆಯುವಾಗ ಸಾಲು ಸಾಲು ಜೋಡಿಸಿ, ಜೋರಾಗಿ ಹೇಳಿದರೆ ಎಲ್ಲಿ ಸಾಯುತ್ತಾನೋ ಎಂದು ನುಂಗಿದ್ದೆ. ಈಗ ಬಾಯಿ ತೆರೆದೆ. ಒಂದು ಸಾಲೂ ಬರಲಿಲ್ಲ. ಊರಿಗೆಲ್ಲ ಅತ್ತು ಬಂದ ಗಂಟಲು, ಆ ಕೊಲೆಗಡುಕನಿಗೂ ಬೆಳಿಗ್ಗೆ ಅತ್ತ ಗಂಟಲು, ನನ್ನ ಮಗನಿಗೆ ಒಣಗಿ ಕೂತಿತು. ಥೂ ಎಂದು ನನ್ನನ್ನು ನಾನೇ ಬೈದುಕೊಂಡೆ.

ಕೊನೆಗೆ ಮುಸುಕು ತೆಗೆದು ನೆಲಕ್ಕೆ ಹಾಸಿ, ಮೂಳೆಗಳನ್ನು ಅದರಲ್ಲಿ ಕಟ್ಟಿಕೊಂಡೆ. ಇಪ್ಪತ್ತೆರಡರ ಗಂಡಸು ನನ್ನ ತೋಳಿನಲ್ಲಿ ಹುಟ್ಟಿದ ದಿನಕ್ಕಿಂತ ಸ್ವಲ್ಪವೇ ಹೆಚ್ಚು ತೂಗಿದ.

ಆಗ ಹೊಳೆಯಿತು ನನಗೆ. ಪ್ರತಿ ಸಂತೆಯ ದಿನ ನಾನು ಈ ಜಾಗದಿಂದ ಏಳುವಾಗ ಕರೆದಿದ್ದೆ. ಬಾ, ಹೋಗೋಣ, ಇಲ್ಲೇ ಉಳೀಬೇಡ. ಎರಡು ಮೊಳ ಕೆಳಗೆ ಅವನು ಕೇಳಿಸಿಕೊಂಡಿದ್ದ. ಅಮ್ಮ ಬಂದಳು, ಕರೆಯುತ್ತಿದ್ದಾಳೆ ಎಂದು ಎದ್ದಿದ್ದನೋ ಏನೋ. ನಾನು ಕರೆದದ್ದು ನನ್ನ ಹೆಸರು. ಒಂದು ದಿನ, ಬಾಯಿತಪ್ಪಿಯಾದರೂ, ಅವನ ಹೆಸರು ಸೇರಿಸಿರಲಿಲ್ಲ. ಮಿಂಡನಾವೊದಲ್ಲಿ ಬದುಕಿದ್ದರೆ ಹೆಸರು ಕೇಳಿ ಅವನ ಆತ್ಮ ಅಲ್ಲಿಂದ ಕಿತ್ತು ಬಂದು ಅವನು ಕಾಯಿಲೆ ಬೀಳುತ್ತಾನೆ ಎಂದು ಹೆದರಿದ್ದೆ. ಕರೆದು, ತನ್ನದನ್ನಷ್ಟೇ ಕರೆದುಕೊಂಡು, ನಗುತ್ತ ಎದ್ದು ಹೋಗುತ್ತಿದ್ದ ತಾಯಿ ನಾನು.

ಗಂಟನ್ನು ಎದೆಗೊತ್ತಿಕೊಂಡು ಎದ್ದೆ.

"ಫೆರ್ಮಿನ್," ಅಂದೆ. "ಬಾ, ಹೋಗೋಣ. ಇಲ್ಲೇ ಉಳೀಬೇಡ, ಫೆರ್ಮಿನ್."

ಅದಕ್ಕೆ ಗಂಟಲು ಬಂತು. ಮನೆಯವರೆಗೂ ಕರೆಯುತ್ತಲೇ ನಡೆದೆ. ಇಳಿಜಾರಿನಲ್ಲಿ ತೊಮಾಸಾ ಓಡಿ ಬಂದು ನನ್ನ ತೋಳು ಹಿಡಿದಳು.

"ಸಿದ್ರಾ, ನಿಲ್ಲೇ. ನಿನ್ನ ಹೆಸರು ಕರ್ಕೊಳ್ಳೋದು ಮರೆತೆ ನೀನು. ತಿರುಗಿ ಹೋಗೋಣ ಬಾ, ಒಂದೇ ನಿಮಿಷ."

"ಮರೆತಿಲ್ಲ," ಅಂದೆ.

"ಹುಚ್ಚು ಹಿಡೀತಾ ನಿಂಗೆ? ಊಟ ಸೇರದೆ ಸಾಯ್ತೀಯ!"

"ಆ ಕಲ್ಲಿನ ಮೇಲೆ ಕೂತು ನಗ್ತಿದ್ದಳಲ್ಲ ಸಿದ್ರಾ, ಅವಳು ಅಲ್ಲೇ ಬಿದ್ದಿರಲಿ ಬಿಡು. ನಂಗೆ ಬೇಡ ಅವಳು."

ಅವಳು ಅಳುತ್ತ ನಿಂತಳು. ನಾನು ಮಗನ ಹೆಸರು ಕರೆಯುತ್ತ ಮನೆಗೆ ಬಂದು, ಬಾಗಿಲ ಮುಂದೆ ಕೊರಡು ಹಚ್ಚಿದೆ. ಒಂಬತ್ತು ದಿನ ಉರಿಯಿತು. ಈಗ ಅವನ ತಟ್ಟೆ ಎತ್ತಿಟ್ಟಿದ್ದೇನೆ. ತೊಮಾಸಾ ದಿನಾ ಗಂಜಿ ತಂದಿಟ್ಟು ಬೈದು ಹೋಗುತ್ತಾಳೆ, ನನಗೆ ಸೇರುವುದಿಲ್ಲ.